‘ತಪ್ಪಾಯ್ತು’ ಅಂದ ಮಾತ್ರಕ್ಕೆ ತಪ್ಪು ನನ್ನ ತಲೆ ಮೇಲೆ ಬರುತ್ತಾ?

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ಒಂದು ಶಾಲೆಯಲ್ಲಿ ಶಿಕ್ಷಕಿ. ಹೋದ ತಿಂಗಳು ಸಂಜೆ ಕಾರಿನಲ್ಲಿ ಮನೆಗೆ ಬರುತ್ತಿದ್ದೆ. ಕಬ್ಬಿನ ಗದ್ದೆ ಪಕ್ಕದ ಓಣಿಯಿಂದ ಒಬ್ಬ ಹಿರಿಯರು ಟಿವಿಎಸ್ ಎಕ್ಸೆಲ್ ಹಿಂದೆ ಸೋಗೆ ಹೊರೆ ಕಟ್ಟಿಕೊಂಡು ಈ ಕಡೆ ಆ ಕಡೆ ನೋಡದೆ ರಸ್ತೆಗೆ ಬಂದುಬಿಟ್ಟರು. ಬ್ರೇಕ್ ಹಾಕಿದೆ. ಆದರೂ ಕಾರಿನ ಎಡಗಡೆ ಕನ್ನಡಿ ಹೊರೆಗೆ ತಗುಲಿ ಅವರು ಬಿದ್ದರು. ಇಳಿದು ಓಡಿಹೋಗಿ "ಅಯ್ಯೋ, ತಪ್ಪಾಯ್ತು ಯಜಮಾನ್ರೇ, ಕ್ಷಮಿಸಿ" ಅಂದೆ. ನನ್ನ ಕಾರಲ್ಲೇ ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬಲಗೈ ಮಣಿಕಟ್ಟಿನ ಮೂಳೆ ಮುರಿದಿದೆ. ಅಲ್ಲಿದ್ದ ಹುಡುಗನೊಬ್ಬ ವಿಡಿಯೊ ಮಾಡಿದ್ದಾನೆ. ಈಗ ಅವರ ಮಗ "ನೀವೇ ಒಪ್ಕೊಂಡಿದ್ದೀರಲ್ಲ ಮೇಡಂ, ವಿಡಿಯೊ ಐತೆ" ಅನ್ನುತ್ತಾರೆ. ನಮ್ಮ ಮನೆಯವರು ದಿನಾ ಬೈಯುತ್ತಿದ್ದಾರೆ, "ಸಾರಿ ಕೇಳಿ ನೀನೇ ಕುತ್ತಿಗೆಗೆ ಹಗ್ಗ ಹಾಕ್ಕೊಂಡೆ, ಇನ್ನು ಆ ಕಡೆ ತಲೆ ಹಾಕಬೇಡ" ಅಂತ. ಕ್ಷಮೆ ಕೇಳಿದ್ದು ಕಾನೂನಿನಲ್ಲಿ ತಪ್ಪು ಒಪ್ಪಿಕೊಂಡ ಹಾಗಾ? ಅವರನ್ನು ಹೋಗಿ ನೋಡಿದರೆ ಇನ್ನೂ ಸಿಕ್ಕಿಹಾಕಿಕೊಳ್ಳುತ್ತೇನಾ?

ಉತ್ತರ: ಮೊದಲು ನಿಮ್ಮ ಭಯ ಇಳಿಸುತ್ತೇನೆ. ನೀವು ಹಗ್ಗ ಹಾಕಿಕೊಂಡಿಲ್ಲ. ಬಿದ್ದವರ ಹತ್ತಿರ ಓಡಿಹೋಗಿ "ತಪ್ಪಾಯ್ತು" ಅಂದಿದ್ದೊಂದೇ ಕಾರಣಕ್ಕೆ ನಿಮ್ಮದೇ ತಪ್ಪು ಅಂತ ತೀರ್ಮಾನ ಮಾಡಲು ನಮ್ಮ ಕಾನೂನಿನಲ್ಲಿ ಆಗುವುದಿಲ್ಲ. ಹಾಗಂತ ಆ ಮಾತಿಗೆ ಬೆಲೆಯೇ ಇಲ್ಲ ಅಂತಲೂ ಹೇಳುವುದಿಲ್ಲ. ಯಾವ ಮಾತಿಗೆ ಎಷ್ಟು ತೂಕ ಅನ್ನುವುದು ಗೊತ್ತಿದ್ದರೆ ನಿಮಗೂ ನಿಮ್ಮ ಮನೆಯವರಿಗೂ ನೆಮ್ಮದಿ. ಮಂಡ್ಯ ಕೋರ್ಟಿನಲ್ಲಿ ಅಪಘಾತದ ಕೇಸುಗಳನ್ನೇ ಜಾಸ್ತಿ ನಡೆಸಿದವನು ನಾನು, ವಾಹನದವರ ಪರವಾಗಿಯೂ ಪೆಟ್ಟು ತಿಂದವರ ಪರವಾಗಿಯೂ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನೀವು ಆಡಿದ ಮಾತನ್ನೇ ಮೊದಲು ನೋಡೋಣ. "ತಪ್ಪಾಯ್ತು." ಯಾರಿಂದ ಆಯ್ತು? ಆ ಮಾತಿನಲ್ಲಿ ಇಲ್ಲ. "ಮಳೆ ಆಯ್ತು", "ಹೊತ್ತಾಯ್ತು" ಅಂದ ಹಾಗೆ ತಪ್ಪೂ ಆಯ್ತು. "ನಾನು ತಪ್ಪು ಮಾಡಿದೆ" ಅನ್ನುವುದು ಬೇರೆ ಮಾತು, ಅಲ್ಲಿ "ನಾನು" ಇದೆ, "ಮಾಡಿದೆ" ಇದೆ. ನಮ್ಮ ಕಡೆ ಮದುವೆ ಮನೆಯಲ್ಲಿ ಹೆಣ್ಣಿನ ತಂದೆ ಬೀಗರನ್ನು ಕಳಿಸಿಕೊಡುವಾಗ ಕೈಮುಗಿದು "ಏನಾದ್ರೂ ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ" ಅನ್ನುತ್ತಾರೆ. ಮೂರು ದಿನ ನಿದ್ದೆಗೆಟ್ಟು ಎಲ್ಲರಿಗೂ ಊಟ ಹಾಕಿದವರು ಅವರೇ. ಅವರು ಏನು ತಪ್ಪು ಒಪ್ಪಿಕೊಂಡರು? ಬಸ್ಸಿನಲ್ಲಿ ಯಾರಿಗಾದರೂ ಕಾಲು ತಗುಲಿದರೆ ಅವರನ್ನು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಅವರು ಕಾಲು ಚಾಚಿ ಕೂತಿದ್ದರೂ ಅಷ್ಟೇ, ನಾವು ನೋಡದೆ ತುಳಿದಿದ್ದರೂ ಅಷ್ಟೇ. ಯಾರ ತಪ್ಪು ಅನ್ನುವ ಲೆಕ್ಕ ಅಲ್ಲಿ ಬರುವುದೇ ಇಲ್ಲ. ನಿಮಗೆ ನೋವಾಯ್ತು, ಆ ನೋವಿನ ಹತ್ತಿರ ನಾನಿದ್ದೆ, ಅದು ನನಗೆ ಗೊತ್ತಿದೆ ಅಂತ ತಿಳಿಸುವುದಷ್ಟೇ ಅದು. ನೀವು ರಸ್ತೆ ಮೇಲೆ ಆಡಿದ್ದೂ ಇದೇ ಜಾತಿಯ ಮಾತು ಅಂತ ನನ್ನ ನಂಬಿಕೆ. ಬ್ರೇಕ್ ಹಾಕಿ, ಎದೆ ಹೊಡೆದುಕೊಳ್ಳುತ್ತಾ ಓಡಿಹೋದ ಹೆಂಗಸು ಸೆಕ್ಷನ್ ಲೆಕ್ಕ ಹಾಕಿ ಮಾತಾಡುವುದಿಲ್ಲ.

ಆದರೆ ಎದುರಿನವರ ಕಿವಿಗೆ ಆ ಮಾತು ಹೇಗೆ ಬಿತ್ತು ಅನ್ನುವುದೂ ಇದೆ, ಅಲ್ವಾ? "ಸಾರಿ" ಅಂದಿದ್ದರೆ ಹಗುರವಾಗಿ ತೆಗೆದುಕೊಳ್ಳುತ್ತಿದ್ದರೋ ಏನೋ. ದಿನಕ್ಕೆ ಹತ್ತು ಸಲ ಸಾರಿ ಅನ್ನುತ್ತೇವೆ, ರಾಂಗ್ ನಂಬರ್‌ಗೂ ಸಾರಿ. "ತಪ್ಪಾಯ್ತು" ಅನ್ನುವುದು ಹಳ್ಳಿಯಲ್ಲಿ ಇನ್ನೂ ಭಾರ ಇರುವ ಮಾತು. ಅರಳಿಕಟ್ಟೆ ಪಂಚಾಯ್ತಿಯಲ್ಲಿ ಒಬ್ಬ ಎದ್ದು ನಿಂತು "ತಪ್ಪಾಯ್ತು ಕನ್ರಪ್ಪಾ" ಅಂದರೆ ಆ ವ್ಯಾಜ್ಯದಲ್ಲಿ ಅವನು ಸೋತ ಅಂತಲೇ ಅರ್ಥ, ದಂಡ ಎಷ್ಟು ಅನ್ನುವುದಷ್ಟೇ ಬಾಕಿ. ಯಜಮಾನರ ಮಗ ಹಾಗೆ ಅರ್ಥ ಮಾಡಿಕೊಂಡಿದ್ದರೆ ಅದರಲ್ಲಿ ಮೋಸ ಕಾಣಬೇಡಿ. ಅಪ್ಪನ ಬಲಗೈ ಮುರಿದಿದೆ, ಕೈಯಲ್ಲಿ ವಿಡಿಯೊ ಇದೆ, ನೀವು ಬೇರೆ ಆ ಕಡೆ ಹೋಗುವುದನ್ನೇ ನಿಲ್ಲಿಸಿದ್ದೀರಿ. ಅವರು ಇನ್ನೇನು ತಾನೇ ಅಂದುಕೊಳ್ಳಬೇಕು?

ಈಗ ಕಾನೂನು. 1872ರ ಸಾಕ್ಷ್ಯ ಅಧಿನಿಯಮ ಹೋಗಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ನಂಬರುಗಳು ಬದಲಾದವು, ಈ ವಿಷಯದಲ್ಲಿ ತಿರುಳು ಹಾಗೇ ಇದೆ. ಅದರ 15ನೇ ಸೆಕ್ಷನ್ ಪ್ರಕಾರ, ಕೇಸಿನಲ್ಲಿ ತೀರ್ಮಾನ ಆಗಬೇಕಾದ ಯಾವುದಾದರೂ ಸಂಗತಿಯ ಬಗ್ಗೆ ಒಂದು ಕಡೆಗೆ ಬೆರಳು ತೋರಿಸುವಂಥ ಮಾತನ್ನು ಸಂಬಂಧಪಟ್ಟವರು ಆಡಿದ್ದರೆ ಅದು "ಒಪ್ಪಿಕೊಂಡ ಮಾತು" ಆಗಬಹುದು. ಬಾಯಲ್ಲಿ ಹೇಳಿದ್ದು, ಬರೆದದ್ದು, ಮೊಬೈಲಿನಲ್ಲಿ ಕಳಿಸಿದ್ದು ಎಲ್ಲವೂ ಬಂತು. ಹಾಗಾಗಿ ನಿಮ್ಮ ಮಾತನ್ನು ಎದುರು ಪಾರ್ಟಿಯವರು ಕೋರ್ಟಿನ ಮುಂದೆ ಇಡಬಹುದು. ಇಡಲೇಬಾರದು ಅಂತ ತಡೆಯುವ ಕಾನೂನು ನಮ್ಮಲ್ಲಿ ಇಲ್ಲ. ಆದರೆ ಅದೇ ಅಧಿನಿಯಮದ 25ನೇ ಸೆಕ್ಷನ್ ಓದಿ. ಒಪ್ಪಿಕೊಂಡ ಮಾತು ಅಷ್ಟಕ್ಕೇ ಅಂತಿಮ ಪುರಾವೆ ಅಲ್ಲ ಅಂತ ಅಲ್ಲಿ ಸ್ಪಷ್ಟವಾಗಿದೆ. ನಾನು ಯಾಕೆ ಹಾಗಂದೆ, ಯಾವ ಸ್ಥಿತಿಯಲ್ಲಿ ಅಂದೆ ಅಂತ ವಿವರಿಸುವ ದಾರಿ ತೆರೆದೇ ಇರುತ್ತದೆ. ಒಪ್ಪಿಗೆ ಅಂತ ಹಿಡಿಯಬೇಕಾದರೆ ಆ ಮಾತು ಸ್ಪಷ್ಟವಾಗಿರಬೇಕು, ಎರಡು ಅರ್ಥಕ್ಕೆ ಎಡೆ ಇರಬಾರದು ಅನ್ನುವುದೂ ಕೋರ್ಟುಗಳು ಬಹಳ ಹಿಂದಿನಿಂದ ಪಾಲಿಸಿಕೊಂಡು ಬಂದಿರುವ ನಿಯಮ. ಗಾಬರಿಯಲ್ಲಿ ಬಂದ "ತಪ್ಪಾಯ್ತು" ಎಷ್ಟು ಸ್ಪಷ್ಟ, ನೀವೇ ಹೇಳಿ.

ಅಪಘಾತದ ಪರಿಹಾರ ತೀರ್ಮಾನಿಸುವ ಮೋಟಾರು ವಾಹನ ಟ್ರಿಬ್ಯೂನಲ್‌ನಲ್ಲಿ ನಿಜವಾಗಿ ಏನು ನೋಡುತ್ತಾರೆ? ಮಹಜರು ನೋಡುತ್ತಾರೆ. ಸ್ಥಳದ ನಕ್ಷೆಯಲ್ಲಿ ಓಣಿ ಎಲ್ಲಿ ರಸ್ತೆಗೆ ಸೇರುತ್ತದೆ, ಎಕ್ಸೆಲ್ ಎಲ್ಲಿ ಬಿದ್ದಿತ್ತು, ರಸ್ತೆ ಎಷ್ಟು ಅಗಲ ಇದೆ ಅಂತ ಅಳೆದಿರುತ್ತಾರೆ. ಮೋಟಾರು ವಾಹನ ಇನ್ಸ್‌ಪೆಕ್ಟರ್ ರಿಪೋರ್ಟಿನಲ್ಲಿ ನಿಮ್ಮ ಕಾರಿನ ಎಡ ಕನ್ನಡಿಗೆ ಮಾತ್ರ ಪೆಟ್ಟಾಗಿದೆಯೋ ಬಂಪರ್‌ಗೂ ಆಗಿದೆಯೋ ಅನ್ನುವುದು ಬರುತ್ತದೆ. ನಿಮ್ಮ ಕೇಸಿನಲ್ಲಿ ಇದು ದೊಡ್ಡ ಸಂಗತಿ. ಬಂಪರ್‌ನಿಂದ ಗುದ್ದುವುದಕ್ಕೂ ಕನ್ನಡಿ ಸೋಗೆಗೆ ತಗಲುವುದಕ್ಕೂ ಬಹಳ ವ್ಯತ್ಯಾಸ. ಸೋಗೆ ಹೊರೆ ಎಕ್ಸೆಲ್‌ನಿಂದ ಎರಡೂ ಕಡೆ ಮೊಳದುದ್ದ ಚಾಚಿಕೊಂಡಿರುತ್ತದೆ, ಗಾಳಿಗೆ ತೂಗಾಡುತ್ತದೆ. ಅದು ನಮ್ಮ ಜಿಲ್ಲೆಯಲ್ಲಿ ದಿನಾ ನೋಡುವ ನೋಟ, ಮಂಡ್ಯದಲ್ಲಿ ಕೂತ ನ್ಯಾಯಾಧೀಶರಿಗೂ ಹೊಸದಲ್ಲ. ಇಬ್ಬರದೂ ಸ್ವಲ್ಪ ಸ್ವಲ್ಪ ತಪ್ಪಿದೆ ಅನ್ನಿಸಿದರೆ ಅರ್ಧರ್ಧ, ಮುಕ್ಕಾಲು ಕಾಲು ಅಂತ ಪಾಲು ಮಾಡುವುದೂ ಉಂಟು. ಇಷ್ಟೆಲ್ಲದರ ನಡುವೆ ನಿಮ್ಮ "ತಪ್ಪಾಯ್ತು" ಒಂದು ಮೂಲೆಯಲ್ಲಿ ಕೂತಿರುತ್ತದೆ.

ಆ ವಿಡಿಯೊಗೂ ಹೆದರಬೇಡಿ. ಅಳಿಸು ಅಂತ ಆ ಹುಡುಗನನ್ನು ಕೇಳಲೇಬೇಡಿ, ಅದು ಸಾಕ್ಷಿ ನಾಶದ ಮಾತಾಗುತ್ತದೆ. ಸಾಧ್ಯವಾದರೆ ಒಂದು ಪ್ರತಿ ಪಡೆದುಕೊಳ್ಳಿ. ಎಕ್ಸೆಲ್ ಬಿದ್ದ ಜಾಗ, ಓಣಿಯ ಬಾಯಿ, ನಿಮ್ಮ ಕಾರು ನಿಂತ ರೀತಿ, ನೀವು ಅವರನ್ನು ಎತ್ತಿ ಕೂರಿಸಿದ್ದು ಎಲ್ಲ ಅದರಲ್ಲೇ ಇರಬಹುದು. ಒಂದು ಮಾತನ್ನು ಮಾತ್ರ ಕತ್ತರಿಸಿ ತಂದರೆ, ಅದನ್ನು ಅರ್ಥ ಮಾಡಿಕೊಳ್ಳಲು ಬೇಕಾದಷ್ಟು ಹಿಂದುಮುಂದಿನ ಭಾಗವನ್ನೂ ತೋರಿಸಿ ಅಂತ ಕೇಳಬಹುದು. ವಿಡಿಯೊವನ್ನು ಸಾಕ್ಷಿಯಾಗಿ ಕೊಡಬೇಕಾದರೆ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಸರ್ಟಿಫಿಕೇಟ್ ಬೇಕು, ವಾಟ್ಸಾಪ್‌ನಲ್ಲಿ ಹರಿದಾಡಿದ ಮಾತ್ರಕ್ಕೆ ಸಾಕ್ಷಿ ಆಗುವುದಿಲ್ಲ.

ಪೊಲೀಸ್ ಠಾಣೆಯ ವಿಷಯ. ಪೊಲೀಸ್ ಅಧಿಕಾರಿ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತು ಮಾಡುವಂತಿಲ್ಲ. ಇದು ಅದೇ ಅಧಿನಿಯಮದ 23ನೇ ಸೆಕ್ಷನ್, ಬ್ರಿಟಿಷರ ಕಾಲದಿಂದ ಬಂದ ರಕ್ಷಣೆ. ತನಿಖೆ ವೇಳೆ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ನೀವು ಸಹಿ ಹಾಕುವ ಹಾಗೂ ಇಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಆದರೆ ಗಾಡಿ ಯಾರು ಓಡಿಸುತ್ತಿದ್ದರು ಅಂತ ಕೇಳಿ ಮಾಲೀಕರಿಗೆ ನೋಟಿಸ್ ಕೊಟ್ಟರೆ ಸರಿಯಾದ ಉತ್ತರ ಕೊಡಲೇಬೇಕು, ಮೋಟಾರು ವಾಹನ ಕಾಯ್ದೆಯ 133 ಅದನ್ನು ಹೇಳುತ್ತದೆ. ಮನೆಯವರು "ನಾನು ಓಡಿಸ್ತಿದ್ದೆ ಅಂತ ಹೇಳಿಬಿಡ್ತೀನಿ" ಅಂದರೆ ಖಂಡಿತ ಬೇಡ ಅನ್ನಿ.

ಹಾಗಾದರೆ ಅಪಾಯ ಎಲ್ಲಿ? ನನ್ನ ಅನುಭವದಲ್ಲಿ ಅಪಾಯ ಕ್ಷಮೆ ಕೇಳುವ ಮಾತಿನಲ್ಲಿ ಇಲ್ಲ, ಅದರ ಹಿಂದೆ ಬರುವ ಮಾತಿನಲ್ಲಿದೆ. "ತಪ್ಪಾಯ್ತು ಯಜಮಾನ್ರೇ" ಒಂದು. "ತಪ್ಪಾಯ್ತು, ನಾನು ಫೋನ್ ನೋಡ್ತಿದ್ದೆ" ಇನ್ನೊಂದು. ಎರಡನೆಯದರಲ್ಲಿ ಒಂದು ಸಂಗತಿ ಇದೆ, ಅದು ನಿಜವಾದ ಒಪ್ಪಿಗೆ. ಅದನ್ನು ಅಲ್ಲಿ ನಿಂತಿದ್ದ ಯಾರು ಬೇಕಾದರೂ ಬಂದು ಸಾಕ್ಷಿ ಹೇಳಬಹುದು. ಇನ್ನು ಜನ ಅದಕ್ಕಿಂತ ಕೆಟ್ಟದಾಗಿ ಸಿಕ್ಕಿಹಾಕಿಕೊಳ್ಳುವುದು ಕಾಗದದಲ್ಲಿ. ಹತ್ತಾರು ಸಲ ನೋಡಿದ್ದೇನೆ. ಊರಿನ ನಾಲ್ಕು ಜನ ಸೇರಿ ರಾಜಿ ಮಾಡಿಸುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ. ಛಾಪಾ ಕಾಗದ ತರುತ್ತಾರೆ. ಬರೆಯುವವರ ಕೈಗೆ ಅಭ್ಯಾಸವಾಗಿರುವ ಒಂದು ಸಾಲು ಇದೆ: "ಅತಿ ವೇಗ ಮತ್ತು ಅಜಾಗರೂಕತೆಯಿಂದ ಓಡಿಸಿಕೊಂಡು ಬಂದು". ಎಫ್‌ಐಆರ್‌ಗಳಲ್ಲಿ ಓದಿ ಓದಿ ಅದು ಬಾಯಿಪಾಠ ಆಗಿರುತ್ತದೆ. ಮಾತಿನಲ್ಲಿ ನೀವು "ಪಾಪ, ಆಸ್ಪತ್ರೆ ಖರ್ಚು ನಾನು ನೋಡ್ಕೋತೀನಿ" ಅಂದಿರುತ್ತೀರಿ, ಕಾಗದದಲ್ಲಿ ಅದು "ನನ್ನ ಅತಿ ವೇಗ ಮತ್ತು ಅಜಾಗರೂಕತೆಯಿಂದ ಆದ ಅಪಘಾತಕ್ಕೆ ಪರಿಹಾರವಾಗಿ" ಅಂತ ಆಗಿರುತ್ತದೆ. ಟೀ ಬರುವಷ್ಟರಲ್ಲಿ ಸಹಿ ಬಿದ್ದಿರುತ್ತದೆ. ಠಾಣೆಯಲ್ಲಿ ಬರೆದುಕೊಡುವ ಮುಚ್ಚಳಿಕೆ, ಆಫೀಸಿನಲ್ಲಿ ಮೇಲಿನವರು ಬರೆಸಿಕೊಳ್ಳುವ ತಪ್ಪೊಪ್ಪಿಗೆ ಪತ್ರ, ಎಲ್ಲದರ ಕತೆಯೂ ಇದೇ. ಆಫೀಸಿನಲ್ಲಿ "ಸುಮ್ನೆ ಒಂದು ಅಪಾಲಜಿ ಬರೆದುಕೊಡಿ, ಫೈಲ್ ಮುಚ್ಚಿಬಿಡ್ತೀವಿ" ಅನ್ನುತ್ತಾರೆ. ಆ ಪತ್ರ ಅದೇ ಫೈಲಿನಲ್ಲಿ ಉಳಿದುಕೊಳ್ಳುತ್ತದೆ, ಮುಂದೆ ಇಲಾಖಾ ವಿಚಾರಣೆ ಬಂದಾಗ ಮೊದಲು ಹೊರಗೆ ಬರುವ ಹಾಳೆಯೂ ಅದೇ. ಬಾಯಲ್ಲಿ ಕ್ಷಮೆ ಕೇಳಿ. ಸಹಿ ಹಾಕುವ ಮೊದಲು ಪ್ರತಿ ಸಾಲನ್ನೂ ಓದಿ, "ಅಜಾಗರೂಕತೆ" ಅನ್ನುವ ಪದ ಕಂಡರೆ ಪೆನ್ನು ಕೆಳಗಿಡಿ.

ಇನ್ನೊಂದು ಬಲೆ ಇದೆ, ಅದರ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ಪೊಲೀಸರು ಕೇಸು ದಾಖಲಿಸಿದರೆ ನಿಮ್ಮ ಮೇಲೆ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125 ಬರಬಹುದು. 281 ಅಂದರೆ ಅಜಾಗರೂಕ ಚಾಲನೆ, 6 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಮೂಳೆ ಮುರಿದರೆ ಕಾನೂನಿನ ಲೆಕ್ಕದಲ್ಲಿ ತೀವ್ರ ಗಾಯ, ಹಾಗಾಗಿ 125ರಲ್ಲಿ 3 ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗುವ ಭಾಗ ಬರುತ್ತದೆ. ಆಗ ಯಾರಾದರೂ "ಓಡಾಡೋದು ಯಾಕೆ ಮೇಡಂ, ಗಿಲ್ಟಿ ಅಂತ ಒಪ್ಕೊಂಡು ದಂಡ ಕಟ್ಟಿ ಕೈ ತೊಳ್ಕೊಳ್ಳಿ" ಅನ್ನುತ್ತಾರೆ. ಕೋರ್ಟಿನಲ್ಲಿ ನ್ಯಾಯಾಧೀಶರ ಮುಂದೆ ನಿಂತು "ಹೌದು, ತಪ್ಪು ಮಾಡಿದ್ದೇನೆ" ಅನ್ನುವುದು ರಸ್ತೆ ಮೇಲಿನ "ತಪ್ಪಾಯ್ತು" ಅಲ್ಲ. ಅದು ಶಿಕ್ಷೆಯೇ, ದಾಖಲೆಯಲ್ಲಿ ಉಳಿಯುತ್ತದೆ, ಪರಿಹಾರದ ಕೇಸಿನಲ್ಲಿ ನಿಮ್ಮ ವಿರುದ್ಧ ಬಳಸುತ್ತಾರೆ. ನೀವು ಶಿಕ್ಷಕಿ, ಕೆಲಸದ ಕಡೆಯಿಂದಲೂ ಪ್ರಶ್ನೆ ಬರಬಹುದು. ಎಂಥ ವಿಚಿತ್ರ ನೋಡಿ. ಬಿದ್ದ ಮನುಷ್ಯನಿಗೆ ಒಂದು ಒಳ್ಳೆ ಮಾತು ಆಡಲು ಹೆದರುವ ಜನ, ಸಾವಿರ ರೂಪಾಯಿ ದಂಡಕ್ಕೆ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು ಬರುತ್ತಾರೆ. ನನ್ನ ಬಳಿ ಬಂದವರಲ್ಲಿ ಇದರಿಂದ ಪೆಟ್ಟು ತಿಂದವರೇ ಹೆಚ್ಚು. ವಕೀಲರನ್ನು ಕೇಳದೆ ಅದನ್ನು ಮಾಡಬೇಡಿ.

ನಿಜಕ್ಕೂ ನಿಮ್ಮದೇ ತಪ್ಪಿದ್ದರೆ? ನೀವು ಬರೆದದ್ದನ್ನು ನೋಡಿದರೆ ಹಾಗೆ ಅನ್ನಿಸುವುದಿಲ್ಲ, ಆದರೂ ಹೇಳುತ್ತೇನೆ. ವೇಗ ಜಾಸ್ತಿ ಇತ್ತು ಅಂತ ಒಳಗೆ ಗೊತ್ತಿದ್ದರೆ ಅದನ್ನು ಮೊದಲು ನಿಮ್ಮ ವಕೀಲರಿಗೆ ಹೇಳಿ, ಸುಳ್ಳು ಹೇಳಿ ಕೇಸು ಗೆಲ್ಲುವ ದಾರಿ ಹುಡುಕಬೇಡಿ. ಪೆಟ್ಟು ತಿಂದವರಿಗೆ ಪರಿಹಾರ ಸಿಗಲಿ ಅಂತಲೇ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ ಮಾಡಿರುವುದು.

ಇನ್ಶೂರೆನ್ಸ್ ಮಾತು ಬಂತಲ್ಲ, ನಿಮ್ಮ ಮನೆಯವರ ಭಯಕ್ಕೆ ಅಲ್ಲೊಂದು ಕಾರಣ ಇದೆ. ಪಾಲಿಸಿ ಕಾಗದದ ಸಣ್ಣ ಅಕ್ಷರ ಓದಿ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ನೀವು ತಪ್ಪು ಒಪ್ಪಿಕೊಳ್ಳಬಾರದು, ಹಣ ಕೊಡುತ್ತೇನೆ ಅಂತ ಮಾತು ಕೊಡಬಾರದು ಅನ್ನುವ ಷರತ್ತು ಇರುತ್ತದೆ. "ಸಾರಿ ಅನ್ನಬೇಡಿ" ಅನ್ನುವ ಸಲಹೆ ಹುಟ್ಟುವುದು ಹೆಚ್ಚಾಗಿ ಇಲ್ಲಿಂದಲೇ. ಆದರೆ ಗಾಯಗೊಂಡ ಮೂರನೆಯವರಿಗೆ ಪರಿಹಾರ ಕೊಡುವುದನ್ನು ತಪ್ಪಿಸಿಕೊಳ್ಳಲು ಕಂಪನಿ ಯಾವ ಯಾವ ಕಾರಣ ಹೇಳಬಹುದು ಅಂತ ಮೋಟಾರು ವಾಹನ ಕಾಯ್ದೆಯೇ ಪಟ್ಟಿ ಕೊಟ್ಟಿದೆ. ಲೈಸೆನ್ಸ್ ಇಲ್ಲದಿರುವಂಥ ಕಾರಣಗಳು ಅದರಲ್ಲಿವೆ. ಡ್ರೈವರ್ ರಸ್ತೆಯಲ್ಲಿ ಕ್ಷಮೆ ಕೇಳಿದಳು ಅನ್ನುವುದು ಆ ಪಟ್ಟಿಯಲ್ಲಿ ಇಲ್ಲ. ಕಂಪನಿಗೆ ಇನ್ನೂ ತಿಳಿಸಿಲ್ಲ ಅಂದರೆ ಇವತ್ತೇ ತಿಳಿಸಿ. ಅದೇ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, ಪೊಲೀಸರಿಗೆ ತಿಳಿಸುವುದು, ಇನ್ಶೂರೆನ್ಸ್‌ನವರಿಗೆ ತಿಳಿಸುವುದು ಡ್ರೈವರ್ ಕರ್ತವ್ಯ. ಮೊದಲನೆಯದನ್ನು ನೀವು ಮಾಡಿದ್ದೀರಿ. ಅದು ತಪ್ಪೊಪ್ಪಿಗೆ ಅಲ್ಲ, ಕಾನೂನು ನಿಮ್ಮಿಂದ ಕೇಳಿದ್ದೇ ಅದನ್ನು.

ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್ ಬಗ್ಗೆಯೂ ನಿಮ್ಮ ಮನೆಯವರಿಗೆ ಓದಿ ಹೇಳಿ. ಅದರ ಪ್ರಕಾರ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪರಿಹಾರವನ್ನು ಯಾರ ತಪ್ಪು ಅಂತ ಸಾಬೀತು ಮಾಡದೆಯೇ ಕೇಳಬಹುದು. ಬಿದ್ದ ಹಿರಿಯರ ಮಗ ಆ ದಾರಿ ಹಿಡಿದರೆ ವಿಡಿಯೊದಲ್ಲಿ ನೀವು ಏನಂದಿರಿ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ತಪ್ಪಿಲ್ಲದೆಯೂ ಹೊಣೆ ಇರಬಹುದು ಅಂತ ಕಾನೂನೇ ಒಪ್ಪಿಕೊಂಡಿದೆ. ನಾವು ಮಾತ್ರ ಎರಡನ್ನೂ ಒಂದೇ ಅಂತ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದೇವೆ.

ಬೇರೆ ದೇಶಗಳು ಈ ಗೊಂದಲಕ್ಕೆ ನೇರವಾಗಿ ಕಾನೂನು ಮಾಡಿವೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸೆನೆಟರ್ ಒಬ್ಬರ ಮಗಳು ಸೈಕಲ್ ಮೇಲೆ ಹೋಗುವಾಗ ಕಾರು ಡಿಕ್ಕಿಯಾಗಿ ತೀರಿಕೊಂಡಳು. ಕಾರು ಓಡಿಸಿದವನು ಕ್ಷಮೆ ಕೇಳಲೇ ಇಲ್ಲ. ಕೇಳಿದರೆ ಕೋರ್ಟಿನಲ್ಲಿ ಅದನ್ನೇ ಹಿಡಿದುಕೊಳ್ಳುತ್ತಾರೆ ಅನ್ನುವ ಭಯ ಅವನಿಗೆ ಅಂತ ಆ ತಂದೆಗೆ ತಿಳಿಯಿತು. ಕೊನೆಗೆ 1986ರಲ್ಲಿ ಆ ರಾಜ್ಯದಲ್ಲಿ ಕಾನೂನು ಬಂತು. ಅಪಘಾತದಲ್ಲಿ ನೊಂದವರಿಗೆ ಸಹಾನುಭೂತಿ ತೋರಿಸಿದ ಮಾತನ್ನು ತಪ್ಪಿನ ಪುರಾವೆಯಾಗಿ ಬಳಸುವಂತಿಲ್ಲ ಅಂತ. ಇಂಗ್ಲೆಂಡಿನಲ್ಲಿ 2006ರ ಕಾನೂನು, ಕ್ಷಮೆ ಕೇಳಿದ್ದಷ್ಟಕ್ಕೇ ನಿರ್ಲಕ್ಷ್ಯ ಒಪ್ಪಿಕೊಂಡ ಹಾಗಲ್ಲ ಅನ್ನುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ 2006ರಲ್ಲಿ, ಒಂಟಾರಿಯೊ 2009ರಲ್ಲಿ, ಏಷ್ಯಾದಲ್ಲಿ ಮೊದಲಿಗೆ ಹಾಂಗ್‌ಕಾಂಗ್ 2017ರಲ್ಲಿ ಇಂಥ ಕಾನೂನು ಮಾಡಿದವು. ನಮ್ಮಲ್ಲಿ ಇಂಥದ್ದು ಇಲ್ಲ. ಬರಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ. ಡಾಕ್ಟರುಗಳಿಗಂತೂ ತೀರಾ ಬೇಕು. ಆಪರೇಷನ್ ಕೆಟ್ಟಾಗ ಮನೆಯವರ ಮುಖ ನೋಡಿ ಮಾತಾಡಲು ಹೆದರಿ ಹಿಂದಿನ ಬಾಗಿಲಿಂದ ಹೋಗುವ ಡಾಕ್ಟರನ್ನು ನಾನು ಕಂಡಿದ್ದೇನೆ. ಜನ ಕೇಸು ಹಾಕಿದ್ದು ಆಪರೇಷನ್ನಿಗಿಂತ ಹೆಚ್ಚಾಗಿ ಆ ಹಿಂದಿನ ಬಾಗಿಲಿಗೆ.

ನಮ್ಮ ಕೋರ್ಟುಗಳಿಗೆ ಕ್ಷಮೆಯ ಬೆಲೆ ಗೊತ್ತಿಲ್ಲ ಅಂತಲ್ಲ. ನ್ಯಾಯಾಂಗ ನಿಂದನೆಯ 1971ರ ಕಾಯ್ದೆಯಲ್ಲಿ ಕ್ಷಮೆ ಕೇಳಿದವರನ್ನು ಬಿಡಬಹುದು ಅಂತಿದೆ. ಆದರೆ ಮನಸ್ಸಿನಿಂದ ಬಂದಿದ್ದಾ ಅಂತ ನೋಡುತ್ತಾರೆ. 2024ರ ಏಪ್ರಿಲ್‌ನಲ್ಲಿ ಪತಂಜಲಿ ಕಂಪನಿ ದಾರಿತಪ್ಪಿಸುವ ಜಾಹೀರಾತುಗಳ ಕೇಸಿನಲ್ಲಿ ಪೇಪರಿನಲ್ಲಿ ಕ್ಷಮಾಪಣೆ ಹಾಕಿಸಿದಾಗ, ನಿಮ್ಮ ಜಾಹೀರಾತುಗಳಷ್ಟೇ ದೊಡ್ಡದಾಗಿದೆಯಾ ಇದು ಅಂತ ಸುಪ್ರೀಂ ಕೋರ್ಟ್ ಕೇಳಿತ್ತು. ಊರಿಗೆಲ್ಲ ಕೇಳುವ ಹಾಗೆ ಬೈದು, ಕಿವಿಯಲ್ಲಿ ಸಾರಿ ಅಂದರೆ ನಮ್ಮ ಹಳ್ಳಿಯಲ್ಲೂ ಒಪ್ಪುವುದಿಲ್ಲ, ಅಲ್ವಾ?

ಈಗ ನಿಮ್ಮ ಎರಡನೇ ಪ್ರಶ್ನೆ. ಹೋಗಿ ನೋಡಬಹುದಾ? ಇದಕ್ಕೆ ಒಂದು ಕೇಸಿನ ವಿಷಯ ಹೇಳಲೇಬೇಕು. ಸುಮಾರು ಹದಿನೈದು ವರ್ಷ ಆಯ್ತು. ನನ್ನ ಕಕ್ಷಿದಾರ ಗೂಡ್ಸ್ ಆಟೊ ಓಡಿಸುವವನು. ಬೆಳಗಿನ ಹೊತ್ತು ಡೇರಿಗೆ ಹಾಲು ಹಾಕಲು ಸೈಕಲ್‌ನಲ್ಲಿ ಹೋಗುತ್ತಿದ್ದ ಒಬ್ಬರಿಗೆ ತಗುಲಿ, ಆಂಬುಲೆನ್ಸ್ ಬರುವಷ್ಟರಲ್ಲಿ ಅವರು ಹೋಗಿಬಿಟ್ಟರು. ಅಷ್ಟು ಹೊತ್ತೂ ಇವನು ಅವರ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದ. ನಾನು ಅವನಿಗೆ ಕೊಟ್ಟ ಮೊದಲ ಸಲಹೆ, "ಅವರ ಮನೆ ಕಡೆ ಹೋಗಬೇಡ, ಯಾರ ಹತ್ತಿರವೂ ಒಂದು ಮಾತೂ ಆಡಬೇಡ." ಆಗ ನಾನು ಎಲ್ಲರಿಗೂ ಹೇಳುತ್ತಿದ್ದದ್ದೇ ಅದು. ಅವನು ಪಾಲಿಸಿದ. ಎರಡು ವರ್ಷದ ಮೇಲೆ ಕೇಸು ಲೋಕ ಅದಾಲತ್‌ಗೆ ಬಂತು. ಇನ್ಶೂರೆನ್ಸ್‌ನವರು ಹೇಳಿದ ಮೊತ್ತಕ್ಕೆ ಆ ಕಡೆಯ ವಕೀಲರೂ ಒಪ್ಪಿದ್ದರು. ತೀರಿಕೊಂಡವರ ಹೆಂಡತಿ ಮಾತ್ರ ಪೆನ್ನು ಹಿಡಿಯಲಿಲ್ಲ. ಮೂಲೆಯಲ್ಲಿ ನಿಂತಿದ್ದ ನನ್ನ ಕಕ್ಷಿದಾರನ ಕಡೆ ತಿರುಗಿ ಕೇಳಿದರು, "ಅವತ್ತು ಪಕ್ಕದಲ್ಲಿ ಇದ್ದದ್ದು ನೀನೇ ಅಲ್ವೇನಪ್ಪಾ? ನೀರು ಕೇಳಿದ್ರಾ ಅವ್ರು?"

ಅವನು ಉತ್ತರ ಕೊಡಲಿಲ್ಲ. ನನ್ನ ಮುಖ ನೋಡಿದ. ಹೇಳಲಾ ಅಂತ.

ಆ ನೋಟ ನನಗೆ ಇವತ್ತಿಗೂ ಮರೆತಿಲ್ಲ. ಹೇಳಪ್ಪಾ ಅಂದೆ. "ಕೇಳಿದ್ರು ಕನವ್ವ. ಕುಡಿಸ್ದೆ, ಎಲ್ಡು ಗುಟುಕು ಕುಡುದ್ರು. ಹಾಲಿನ ಕ್ಯಾನು ಎಲ್ಲಿ ಅಂತ ಕೇಳಿದ್ರು, ಇಲ್ಲೇ ಐತೆ ಅಂದೆ" ಅಂದ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತರು. ಆ ದಿನ ಸಹಿ ಹಾಕಲಿಲ್ಲ. ಮುಂದಿನ ಅದಾಲತ್‌ನಲ್ಲಿ ಹಾಕಿದರು, ಮೊತ್ತ ಒಂದು ರೂಪಾಯಿಯೂ ಹೆಚ್ಚಾಗಿರಲಿಲ್ಲ. ಗಂಡನ ಕೊನೆಯ ಗಳಿಗೆ ಹೇಗಿತ್ತು ಅಂತ ಗೊತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ಅದೇ ತಾಲ್ಲೂಕಿನಲ್ಲಿ ಇದ್ದ. ಎರಡು ವರ್ಷ ಅವನ ಬಾಯಿ ಕಟ್ಟಿದವನು ನಾನು. ಅವನು ಆ ದಿನ ಹೇಳಿದ ಮಾತಿನಲ್ಲಿ ವೇಗದ ಬಗ್ಗೆ ಇಲ್ಲ, ಬ್ರೇಕಿನ ಬಗ್ಗೆ ಇಲ್ಲ. ಮೊದಲ ವಾರದಲ್ಲೇ ಹೋಗಿ ಹೇಳಿದ್ದರೂ ಅವನ ಕೇಸಿಗೆ ಕೂದಲೆಳೆಯಷ್ಟೂ ತೊಂದರೆ ಇರಲಿಲ್ಲ. ಆಮೇಲೆ ನಾನು ಯಾರಿಗೂ ಆ ಸಲಹೆ ಕೊಟ್ಟಿಲ್ಲ.

ಹಾಗಾಗಿ ಹೋಗಿ. ಮನೆಯವರನ್ನೂ ಕರೆದುಕೊಂಡು ಹೋಗಿ, ಒಬ್ಬರೇ ಬೇಡ. ಅವರ ಕಡೆಯವರು ಕೋಪದಲ್ಲಿದ್ದರೆ ಇಬ್ಬರಿಗೂ ಗೊತ್ತಿರುವ ಹಿರಿಯರೊಬ್ಬರು ಜೊತೆಗಿರಲಿ. "ಯಜಮಾನ್ರೇ, ನೀವು ಬಿದ್ದದ್ದು ಕಣ್ಮುಂದೆ ಹಂಗೇ ಐತೆ, ತುಂಬಾ ಬೇಜಾರಾಯ್ತು, ಕೈ ಈಗ ಹೇಗಿದೆ" ಅಂತ ಕೇಳಲು ಯಾವ ವಕೀಲರ ಅಪ್ಪಣೆಯೂ ಬೇಕಿಲ್ಲ. ಯಾರು ಅಡ್ಡ ಬಂದರು, ಯಾರು ಹಾರ್ನ್ ಹೊಡೆಯಲಿಲ್ಲ ಅನ್ನುವ ಮಾತನ್ನು ನೀವಾಗಿ ಎತ್ತಬೇಡಿ. "ನೀವು ನೋಡದೆ ಬಂದಿರಿ" ಅಂತಲೂ ಅನ್ನಬೇಡಿ, ಮುರಿದ ಕೈ ಮುಂದೆ ಕೂತು ಹೇಳುವ ಮಾತಲ್ಲ ಅದು. ಮಗ ವಿಡಿಯೊ ಮಾತು ತೆಗೆದರೆ ಜಗಳಕ್ಕೆ ನಿಲ್ಲಬೇಡಿ. "ಅಪ್ಪಾವ್ರು ಬಿದ್ದಾಗ ಸಂಕಟ ಆಗಿ ಅಂದೆ ಕಣಪ್ಪ, ಈಗಲೂ ಅಷ್ಟೇ ಸಂಕಟ ಇದೆ. ಯಾರ ತಪ್ಪು ಅನ್ನೋದನ್ನ ಕೋರ್ಟು ನೋಡ್ಲಿ, ನಿಮಗೆ ಬರಬೇಕಾದ್ದು ಬರಲಿ" ಅನ್ನಿ. ಇನ್ಶೂರೆನ್ಸ್ ಜೆರಾಕ್ಸ್ ಒಂದನ್ನು ಅವರ ಕೈಗೆ ಕೊಡಿ, ಕ್ಲೇಮ್ ಹಾಕಲು ಬೇಕಾಗುತ್ತದೆ. ನೀವೇ ಕೊಟ್ಟಿರಿ ಅನ್ನುವುದೇ ಅವರ ಅರ್ಧ ಕೋಪ ಇಳಿಸುತ್ತದೆ. ಔಷಧಿಗೆ ಅಂತ ಸ್ವಲ್ಪ ಹಣ ಕೊಡಬೇಕು ಅನ್ನಿಸಿದರೆ ಮೊದಲು ಕಂಪನಿಗೂ ನಿಮ್ಮ ವಕೀಲರಿಗೂ ಒಂದು ಮಾತು ತಿಳಿಸಿ. ಕೊಡುವಾಗ ಔಷಧಿಗೆ ಅಂತಲೇ ಹೇಳಿ, ಕಾಗದ ಬರೆದರೆ ಹಾಗೇ ಬರೆಸಿ.

ಇನ್ನೊಂದು. ಸೋಗೆ ಹೊರೆ ಹೊತ್ತು ಹೋಗುತ್ತಿದ್ದರು ಅಂದರೆ ಮನೆಯಲ್ಲಿ ದನ ಇದೆ. ಬಲಗೈ ಹೋಗಿದೆ. ಹಾಲು ಕರೆಯುವುದು, ಮೇವು ಹಾಕುವುದು ಈಗ ಯಾರು ಮಾಡುತ್ತಿದ್ದಾರೆ ಅಂತ ಕೇಳಿ.